ಊಟವಾದ ಮೇಲೆ ಒಂದು ಸಿನಿಮಾ

ಶಿವಮೊಗ್ಗದ ಆಲ್ಕೊಳ ಸರ್ಕಲ್ಲಿನಲ್ಲಿ ಮಳೆ ಹಿಡಿಯಿತೆಂದರೆ ನನ್ನ ಮೆಡಿಕಲ್ ಶಾಪಿಗೆ ಎರಡು ಥರದ ಜನ ಬರುತ್ತಾರೆ. ನೆಗಡಿಯಾದವರು ಮತ್ತು ಕೊಡೆ ಮರೆತವರು. ಮೊದಲಿನವರು ಮಾತ್ರೆ ಕೇಳುತ್ತಾರೆ. ಎರಡನೆಯವರು ಏನೂ ಕೇಳದೆ, ಎಲ್ಲಿ ನಾನು ಅವರನ್ನು ಗಿರಾಕಿ ಎಂದು ತಿಳಿದುಬಿಡುತ್ತೇನೋ ಎಂಬ ಭಯದಲ್ಲಿ, ಶಟರಿನ ಕೆಳಗೆ ನನಗೆ ಬೆನ್ನು ಹಾಕಿ ನಿಂತಿರುತ್ತಾರೆ. ಆದರೆ ಹೊರಡುವ ಮೊದಲು ಇಬ್ಬರೂ ಕೇಳುವುದು ಒಂದನ್ನೇ. ಈ ಮಳೆಯಲ್ಲಿ ಮನೆಯಲ್ಲಿ ಕೂತು ನೋಡುವಂಥ ಒಂದು ಒಳ್ಳೆಯ ಸಿನಿಮಾ ಹೇಳಿ.

ಈ ಉಪಕಸುಬು ನನಗೆ ಅಂಟಿಕೊಂಡದ್ದು ಹೀಗೆ. ಒಮ್ಮೆ ವಿನೋಬನಗರದ ಮೇಷ್ಟ್ರೊಬ್ಬರು ಜ್ವರದ ಮಾತ್ರೆಗೆಂದು ಬಂದವರು, ಮಲಗಿ ಮಲಗಿ ಬೇಜಾರಾಗಿದೆ ಎಂದರು. ನಾನು ಬಾಯಿಗೆ ಬಂದ ಒಂದು ಸಿನಿಮಾದ ಹೆಸರು ಹೇಳಿದೆ. ಅವರು ಮಾತ್ರೆಯನ್ನೂ ನುಂಗಿದರು, ಸಿನಿಮಾವನ್ನೂ ನೋಡಿದರು, ಜ್ವರ ಬಿಟ್ಟಿತು. ಕೀರ್ತಿಯೆಲ್ಲ ಸಿನಿಮಾಕ್ಕೆ ಹೋಯಿತು. ಪಾಪದ ಮಾತ್ರೆಯ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಅಂದಿನಿಂದ ನನ್ನ ಕೈಗುಣದ ಸುದ್ದಿ ಹಬ್ಬಿ, ಈಗ ಪಕ್ಕದ ಬೀದಿಯಲ್ಲಿ ಎರಡು ಹೊಸ ಮೆಡಿಕಲ್ ಶಾಪ್ ಬಂದರೂ ಜನ ನನ್ನಲ್ಲಿಗೇ ಬರುತ್ತಾರೆ. ಅಲ್ಲಿ ರಿಯಾಯಿತಿ ಕೊಡುತ್ತಾರೆ, ಸಿನಿಮಾ ಹೇಳುವುದಿಲ್ಲ.

ಮುಂಗಾರಿನಲ್ಲಿ ಯಾರೂ ಸಿನಿಮಾ ಕೇಳುವುದಿಲ್ಲ ಎಂಬುದನ್ನು ನೀವು ಗಮನಿಸಬೇಕು. ಆಗ ಬಟ್ಟೆ ಒಣಗಿಸುವುದೇ ಒಂದು ಪೂರ್ಣಾವಧಿ ಕೆಲಸ. ಸಿನಿಮಾ ಬೇಕಾಗುವುದು ಮಳೆಗಾಲ ಮುಗಿಯಿತು ಎಂದು ಕೊಡೆ ಮಡಚಿ ಅಟ್ಟಕ್ಕೆ ಹಾಕಿದ ಮೇಲೆ, ನವರಾತ್ರಿಯಿಂದ ದೀಪಾವಳಿವರೆಗೆ, ಹೇಳದೆ ಕೇಳದೆ ನೆಂಟರ ಹಾಗೆ ಬಂದು ಕೂರುವ ಮಳೆಗೆ. ಅದಕ್ಕೆ ನಾನು ನಕ್ಷತ್ರದ ಪ್ರಕಾರ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಹಸ್ತದ ಮಳೆಗೆ ಸಂಸಾರದ ಕಥೆ. ಕುರುಡು ಚಿತ್ತೆ ಎರಚಿದತ್ತ ಬೆಳೆ ಎಂದು ಹಿರಿಯರೇ ಹೇಳಿದ್ದಾರೆ, ಆದ್ದರಿಂದ ಚಿತ್ತೆಗೆ ಕೊಲೆ ಮಾಡಿದವರು ಯಾರೆಂದು ಕೊನೆಯವರೆಗೆ ಗೊತ್ತಾಗದ ಪತ್ತೇದಾರಿ ಚಿತ್ರ. ಸ್ವಾತಿ ಹಿಡಿದರೆ ಬಿಡುವ ಮಳೆಯಲ್ಲ. ಅದಕ್ಕೆ, ಒಬ್ಬ ಮನುಷ್ಯ ಕಿಟಕಿ ತೆರೆಯಲು ಎದ್ದರೆ ಅವನು ಕಿಟಕಿ ಮುಟ್ಟುವಷ್ಟರಲ್ಲಿ ನಾವು ಕಾಫಿ ಮಾಡಿಕೊಂಡು ಬರಬಹುದಾದಂಥ ನಿಧಾನದ ಸಿನಿಮಾ.

ಔಷಧಿ ಅಂಗಡಿಯಲ್ಲಿ ಕೇಳಿದ ಸಿನಿಮಾ ಆದ್ದರಿಂದ ಜನರ ಪ್ರಶ್ನೆಗಳೂ ಹಾಗೇ ಇರುತ್ತವೆ. ಖಾಲಿ ಹೊಟ್ಟೆಯಲ್ಲಿ ನೋಡಬಹುದೇ ಎಂದು ಒಬ್ಬರು ಕೇಳಿದ್ದರು. ಶುಗರ್ ಇರುವವರಿಗೆ ಹಾಡು ಜಾಸ್ತಿಯಾದರೆ ತೊಂದರೆಯಿಲ್ಲವೇ ಎಂದು ಇನ್ನೊಬ್ಬರು. ಒಬ್ಬ ಹೆಂಗಸು ಮಾರನೆಯ ದಿನ ಬಂದು, ನೀವು ಹೇಳಿದ ಸಿನಿಮಾ ನಮ್ಮ ಮನೆಯವರಿಗೆ ಒಗ್ಗಲಿಲ್ಲ, ಅದನ್ನು ನೋಡಿದಾಗಿನಿಂದ ಹಿಮಾಲಯಕ್ಕೆ ಹೋಗುತ್ತೇನೆ ಎಂದು ಕುಣಿಯುತ್ತಿದ್ದಾರೆ, ವಾಪಸ್ ತೆಗೆದುಕೊಳ್ಳುತ್ತೀರಾ ಎಂದಳು. ಸೀಲ್ ಒಡೆದದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದೆ. ಅವಳಿಗೆ ಅದು ನ್ಯಾಯ ಎನಿಸಿತು, ಹೋದಳು.

ಸಿನಿಮಾದ ಹೆಸರು ಬಾಯಲ್ಲಿ ಹೇಳಿದರೆ ಮನೆ ಮುಟ್ಟುವಷ್ಟರಲ್ಲಿ ಮರೆಯುತ್ತದೆ. ಆದ್ದರಿಂದ ಬರೆದುಕೊಡುತ್ತೇನೆ. ಬರೆಯಲು ನನ್ನ ಕೈಗೆ ಸಿಗುವ ಕಾಗದವೆಂದರೆ ಮಾತ್ರೆ ಹಾಕಿ ಕೊಡುವ ಚಿಕ್ಕ ಕವರ್. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮೂರು ಚೌಕ. ಊಟಕ್ಕೆ ಮುಂಚೆ, ಊಟದ ನಂತರ ಎಂದು ಇನ್ನೆರಡು. ಈ ಕವರೇ ಮುಂದೆ ಇಷ್ಟು ದೊಡ್ಡ ಅನಾಹುತ ಮಾಡುತ್ತದೆ ಎಂದು ನನಗೆ ಹೊಳೆಯಲಿಲ್ಲ.

ಅಷ್ಟಕ್ಕೂ ನನಗೆ ಸಿನಿಮಾದ ಬಗ್ಗೆ ಏನು ಗೊತ್ತು ಎಂದು ನೀವು ಕೇಳಬಹುದು. ಕೇಳಬೇಡಿ. ನಾನು ಬಾಲ್ಯದಲ್ಲಿ ಒಂದು ಸಿನಿಮಾವನ್ನೂ ನೋಡಿದವನಲ್ಲ, ಬರೀ ಕೇಳಿದವನು. ಆಯನೂರಿನಲ್ಲಿ ನಮ್ಮ ಬೀದಿಗೆಲ್ಲ ಟೀವಿ ಇದ್ದದ್ದು ಅಕ್ಕಿ ಮಿಲ್ಲಿನವರ ಮನೆಯಲ್ಲಿ ಮಾತ್ರ. ಭಾನುವಾರ ಸಂಜೆ ಸಿನಿಮಾ ಶುರುವಾಗುವುದಕ್ಕೂ ಗಾಳಿಮಳೆಗೆ ಆಂಟೆನಾ ತಿರುಗುವುದಕ್ಕೂ ಸರಿಯಾಗುತ್ತಿತ್ತು. ಆಂಟೆನಾವನ್ನು ಯಾರು ಹಿಡಿದರೂ ಬರದ ಚಿತ್ರ ನಾನು ಹಿಡಿದರೆ ಬರುತ್ತದೆ ಎಂದು ಯಾರೋ ಕಂಡುಹಿಡಿದುಬಿಟ್ಟರು. ಬಿಟ್ಟರೆ ಹೋಗುತ್ತಿತ್ತು. ಹೀಗಾಗಿ ನನ್ನ ಭಾನುವಾರಗಳೆಲ್ಲ ಕಂಬಳಿಕೊಪ್ಪೆ ಹೊದ್ದು ತಾರಸಿಯ ಮೇಲೆ ಕಂಬ ತಬ್ಬಿಕೊಂಡು ನಿಲ್ಲುವುದರಲ್ಲಿ ಕಳೆದವು. ಬಂತಾ ಎಂದು ನಾನು ಕೂಗುವುದು, ಬಂತು, ಅಲ್ಲಾಡಬೇಡ ಎಂದು ಕೆಳಗಿನಿಂದ ಮೂವತ್ತು ಜನ ಕೂಗುವುದು. ನಾಯಕ ಅಳುವುದು, ನಾಯಕಿ ನಗುವುದು, ಖಳನಾಯಕನ ಬೂಟಿನ ಸದ್ದು ಎಲ್ಲ ಕಿವಿಗೆ ಬೀಳುತ್ತಿತ್ತು. ಮುಖಗಳನ್ನು ನಾನೇ ಮಾಡಿಕೊಳ್ಳುತ್ತಿದ್ದೆ. ದೊಡ್ಡವನಾದ ಮೇಲೆ ಆ ನಾಯಕರನ್ನು ಪರದೆಯ ಮೇಲೆ ಕಂಡಾಗ ನನಗೆ ಬಹಳ ನಿರಾಶೆಯಾಯಿತು. ನಾನು ಅವರಿಗೆ ಇನ್ನೂ ಚಂದದ ಮೂಗು ಕೊಟ್ಟಿದ್ದೆ.

ಇಂಥ ನನಗೆ ಸಿಕ್ಕಿದ ಮಾವ ಸರಿಯಾಗಿ ನನ್ನ ತಿರುಗುಮುರುಗು ಎಂದು ತಿಳಿಯಲು ಮದುವೆಯಾಗಿ ಇಷ್ಟು ವರ್ಷ ಬೇಕಾಯಿತು.

ನಮ್ಮ ಮಾವನವರದು ಭದ್ರಾವತಿ. ಕಾರ್ಖಾನೆಯ ರೋಲಿಂಗ್ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು. ಕೆಂಪಗೆ ಕಾದ ಕಬ್ಬಿಣ ಉರುಳೆಗಳ ನಡುವೆ ನುಗ್ಗುವಾಗ ಅಲ್ಲಿ ಮಾತು ಎಂಬುದು ಕೆಲಸಕ್ಕೆ ಬಾರದ ವಸ್ತುವಂತೆ. ಎಲ್ಲವೂ ಕೈಸನ್ನೆ. ಅಂಗೈ ಅಡ್ಡ ಹಿಡಿದರೆ ನಿಲ್ಲಿಸು. ಎರಡು ಮುಷ್ಟಿಯನ್ನು ಒಂದರ ಸುತ್ತ ಒಂದು ಉರುಳಿಸಿದರೆ ಮಿಲ್ ಪೂರ್ತಿ ಜೋರಿನಲ್ಲಿ ಓಡುತ್ತಿದೆ. ಉಳಿದದ್ದನ್ನು ಒಬ್ಬರು ಇನ್ನೊಬ್ಬರ ತುಟಿ ನೋಡಿ ತಿಳಿಯಬೇಕು. ಈ ಭಾಷೆಯನ್ನು ಮಾವ ಮನೆಗೂ ತಂದರು, ಅತ್ತೆ ಮದುವೆಯಾದ ಹೊಸದರಲ್ಲೇ ಕಲಿತರು. ನಮ್ಮ ಮದುವೆಯ ಮಾತುಕತೆಯಲ್ಲಿ ಅತ್ತೆ ಒಳಬಾಗಿಲಿನಲ್ಲಿ ನಿಂತು ಮಾವನಿಗೆ ಅಂಗೈ ಅಡ್ಡ ಹಿಡಿದು ತೋರಿಸಿದ್ದರು. ನಾನದನ್ನು ಆಶೀರ್ವಾದ ಎಂದು ತಿಳಿದು ಎದ್ದು ಕೈಮುಗಿದೆ. ಹುಡುಗ ಇಷ್ಟು ವಿನಯವಂತ ಎಂದು ಗೊತ್ತಿರಲಿಲ್ಲ ಎಂದು ಅವರು ಒಪ್ಪಿಕೊಂಡರಂತೆ.

ಮಿಲ್ಲು ಮಾವನಿಂದ ಒಂದು ವಸ್ತುವನ್ನು ಮಾತ್ರ ವಾಪಸ್ ಕೊಡದೆ ಇಟ್ಟುಕೊಂಡಿತ್ತು. ಕಿವಿ. ಅದು ಮನೆಯವರಿಗೆಲ್ಲ ಗೊತ್ತು, ಅವರಿಗೊಬ್ಬರಿಗೆ ಗೊತ್ತಿಲ್ಲ. ಎದುರು ಕೂತು ಮಾತಾಡಿದರೆ ತುಟಿ ನೋಡಿ ಚೆನ್ನಾಗಿಯೇ ಉತ್ತರ ಕೊಡುತ್ತಾರೆ. ಬೆನ್ನಿನ ಹಿಂದೆ ಹಂಡೆ ಉರುಳಿದರೂ ತಿರುಗುವುದಿಲ್ಲ. ಅಪ್ಪ, ಕೇಳ್ತಾ ಇದೆಯಾ, ಎಂದು ನನ್ನ ಹೆಂಡತಿ ಶೈಲಜಾ ದಿನಕ್ಕೆ ಎಷ್ಟು ಸಲ ಕೇಳಿದ್ದಾಳೋ ಲೆಕ್ಕವಿಲ್ಲ. ಕಿವಿ ಡಾಕ್ಟರರ ಹತ್ತಿರ ಹೋಗೋಣ ಎಂದರೆ ಮಾವ ಕೊಡುವ ಉತ್ತರ ಒಂದೇ.

"ನಂಗೆ ಎಲ್ಲಾ ಕೇಳುತ್ತಮ್ಮ. ನೀವು ಹೇಳೋದ್ರಲ್ಲಿ ಏನೂ ಇರಲ್ಲ, ಅಷ್ಟೇ."

ಇದನ್ನು ನಾವು ಬಹಳ ದಿನ ನಗುತ್ತಾ ಹೇಳಿಕೊಂಡು ತಿರುಗಿದೆವು. ನಗು ನಿಂತದ್ದು ಮಳೆಗಾಲದ ಕೊನೆಗೆ. ಮಾವ ದಿನಾ ಸೈಕಲ್ ಹೊಡೆದುಕೊಂಡು ಹೊಳೆಯ ಸೇತುವೆ ದಾಟಿ ಹಳೆಯ ಗೆಳೆಯರ ಜೊತೆ ಕಾಫಿ ಕುಡಿಯಲು ಹೋಗುತ್ತಾರೆ. ಆ ದಿನ ಸೇತುವೆಯ ಮೇಲೆ ಹಿಂದಿನಿಂದ ಲಾರಿಯವನು ಹಾರನ್ ಒತ್ತೇ ಒತ್ತಿದ್ದಾನೆ. ಮಾವ ನಡುರಸ್ತೆಯಲ್ಲಿ ನೆಮ್ಮದಿಯಾಗಿ ಹೋಗುತ್ತಿದ್ದಾರೆ. ಕೊನೆಗೆ ಯಾರೋ ಪುಣ್ಯಾತ್ಮ ಸೈಕಲ್ಲಿನ ಕ್ಯಾರಿಯರ್ ಹಿಡಿದು ಪಕ್ಕಕ್ಕೆ ಎಳೆದ. ನನ್ನನ್ನು ಯಾಕೆ ಎಳೆದೆ ಎಂದು ಮಾವ ಅವನ ಜೊತೆ ಜಗಳಕ್ಕೆ ನಿಂತರಂತೆ. ಈ ಸುದ್ದಿ ಕೇಳಿದ ದಿನ ಶೈಲಜಾ ಅಡುಗೆಮನೆಯಲ್ಲಿ ಕೂತು ಅತ್ತಳು. ನನಗೂ ಭಯವಾಯಿತು. ಕಿವಿಗೆ ಮೆಷಿನ್ ಹಾಕಿಸದಿದ್ದರೆ ಮುಂದಿನ ಸಲ ಎಳೆಯಲು ಯಾರಾದರೂ ಇರುತ್ತಾರೆ ಎಂದು ಯಾವ ಧೈರ್ಯದ ಮೇಲೆ ಕೂರುವುದು? ಆದರೆ ಕಬ್ಬಿಣ ಬಗ್ಗಿಸಿದ ಮನುಷ್ಯನನ್ನು ಬಗ್ಗಿಸುವುದು ಸುಲಭವಲ್ಲ. ಟೀವಿಯ ಸದ್ದು ಯಾಕೆ ಅಷ್ಟು ಜೋರು ಎಂದು ಶೈಲಜಾ ಒಮ್ಮೆ ಕೇಳಿದ್ದೇ ತಪ್ಪಾಯಿತು. ಅಂದಿನಿಂದ ಅವರು ಸದ್ದಿನ ಗುಂಡಿಯನ್ನು ಮುಟ್ಟುವುದನ್ನೇ ಬಿಟ್ಟರು.

ಸ್ವಾತಿ ಮಳೆಯ ಶುರುವಿನಲ್ಲಿ ಮಾವ ಮೂಗು ಸೋರಿಸಿಕೊಂಡು ಶಿವಮೊಗ್ಗಕ್ಕೆ ಬಂದರು. ಡಾಕ್ಟರು ಬರೆದ ಮಾತ್ರೆಗಳನ್ನು ನಾನೇ ಕವರಿಗೆ ಹಾಕಿಕೊಟ್ಟೆ. ಮನೆಯಲ್ಲೇ ಬೆಚ್ಚಗಿರಿ, ಸೈಕಲ್ ಮುಟ್ಟಬೇಡಿ, ಒಂದು ಸಿನಿಮಾ ನೋಡಿ ಎಂದು ಇನ್ನೊಂದು ಕವರಿನ ಮೇಲೆ ಸಿನಿಮಾದ ಹೆಸರು ಬರೆದೆ. ಇಲ್ಲೇ ಕೈ ಮೋಸ ಮಾಡಿದ್ದು. ಇಷ್ಟು ವರ್ಷದ ಅಭ್ಯಾಸ. ಕವರ್ ಕಂಡರೆ ಪೆನ್ನು ತಾನೇ ಓಡುತ್ತದೆ. ಬೆಳಿಗ್ಗೆಯ ಚೌಕಕ್ಕೊಂದು ಗುರುತು, ರಾತ್ರಿಯ ಚೌಕಕ್ಕೊಂದು ಗುರುತು, ಊಟದ ನಂತರ ಎಂಬುದಕ್ಕೆ ಸುತ್ತ ಒಂದು ಗೆರೆ. ಐದು ದಿನ.

ಬೇರೆ ಯಾರಾದರೂ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಮಾವ ಕಾರ್ಖಾನೆಯ ಮನುಷ್ಯ. ಬರೆದದ್ದನ್ನು ಬರೆದ ಹಾಗೆ ಮಾಡದಿದ್ದರೆ ಯಾರದಾದರೂ ಬೆರಳು ಹೋಗುತ್ತದೆ ಎಂದು ನಂಬಿ ಬದುಕಿದವರು.

ಅತ್ತೆಯ ಫೋನ್ ಬರಲು ಶುರುವಾದದ್ದು ಮಾವ ಭದ್ರಾವತಿಗೆ ಮರಳಿದ ಮಾರನೆಯ ದಿನದಿಂದ. ಮಾವ ತಿಂಡಿ ಮುಗಿಸಿ, ಅರ್ಧ ಲೋಟ ಬಿಸಿನೀರು ಕುಡಿದು, ಟೀವಿ ಹಾಕುವ ಕ್ರಮ ಬರೆದು ಗೋಡೆಗೆ ಅಂಟಿಸಿದ ಚೀಟಿ ನೋಡಿ ಒಂದೊಂದೇ ಗುಂಡಿ ಒತ್ತಿ, ಸಿನಿಮಾ ಪೂರ್ತಿ ನೋಡಿದರು. ರಾತ್ರಿ ಊಟವಾದ ಮೇಲೆ ಅದನ್ನೇ ಮೊದಲಿನಿಂದ ಹಾಕಿದರು. ಮರುದಿನ ಬೆಳಿಗ್ಗೆ ಮತ್ತೆ. ಒಂದು ಸಲ ನೋಡಿದ್ದಾಯಿತಲ್ಲ ಎಂದು ಅತ್ತೆ ಕೇಳಿದ್ದಕ್ಕೆ, ಕೋರ್ಸ್ ಮಧ್ಯದಲ್ಲಿ ನಿಲ್ಲಿಸಬಾರದು ಎಂದು ಅಳಿಯಂದಿರ ಅಂಗಡಿಯಲ್ಲೇ ಬೋರ್ಡ್ ಇದೆ ಎಂದರಂತೆ. ಬೋರ್ಡ್ ಇರುವುದು ನಿಜ. ಒಂದು ರಾತ್ರಿ ಕರೆಂಟ್ ಹೋಗಿ ಸಿನಿಮಾ ತಪ್ಪಿತು. ತಪ್ಪಿದ್ದನ್ನು ಮರುದಿನ ಸೇರಿಸಿ ಎರಡು ಸಲ ನೋಡಬಹುದೋ, ಇಲ್ಲ ಬಿಟ್ಟುಬಿಡಬೇಕೋ ಎಂದು ಅತ್ತೆಯ ಕೈಯಲ್ಲಿ ಕೇಳಿಸಿದರು. ಬಿಟ್ಟುಬಿಡಿ ಎಂದು ನಾನು ಹೇಳಿದೆ. ಹಾಗೆ ಹೇಳುವಾಗ ನನ್ನ ದನಿ ಗಂಭೀರವಾಗಿತ್ತು ಎಂದು ಶೈಲಜಾ ಈಗಲೂ ಆಡಿಕೊಳ್ಳುತ್ತಾಳೆ.

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಂಬ ಹಾಗೆ, ನೆಗಡಿ ಮಾವನಿಗೆ, ಕೋರ್ಸ್ ಮನೆಗೆಲ್ಲ. ಯಾರು ಬಂದರೂ ಕೂರಿಸಿಕೊಳ್ಳುತ್ತಿದ್ದರು. ಗ್ಯಾಸ್ ಸಿಲಿಂಡರ್ ತಂದವನು ಮಧ್ಯಂತರದವರೆಗೆ ನೋಡಿ ಹೋದ. ಪಕ್ಕದ ಮನೆಯ ಸೆಲ್ವಮ್ಮ ದೀಪಾವಳಿಗೆ ಚಕ್ಕುಲಿ ಒತ್ತಲು ಅತ್ತೆಗೆ ಸಹಾಯಕ್ಕೆಂದು ಬರುತ್ತಿದ್ದವರು, ಸಿನಿಮಾದಲ್ಲಿ ಸೋರುವ ಆ ಮನೆಯನ್ನು ನೋಡಿ ನೋಡಿ ನಮ್ಮ ಮನೆಯೂ ಸೋರುತ್ತಿದೆ ಎನಿಸುತ್ತಿದೆ, ಎರಡು ಸಲ ಅಟ್ಟ ಹತ್ತಿ ಬಂದೆ ಎಂದರಂತೆ. ಅತ್ತೆಯ ದುಃಖವೇ ಬೇರೆ. ಅವರು ವರ್ಷಗಟ್ಟಲೆ ನೋಡುತ್ತಿದ್ದ ಧಾರಾವಾಹಿಯಲ್ಲಿ ಆ ವಾರವೇ ಮದುವೆ. ಅವರಿಲ್ಲದೆಯೇ ಮುಹೂರ್ತ ಮುಗಿದುಹೋಯಿತು. ಕರೆದಿದ್ದರೂ ಹೋಗಲಾಗದ ನೆಂಟರ ಮದುವೆಯ ಬಗ್ಗೆ ಹೇಳುವ ಹಾಗೆಯೇ ನೊಂದುಕೊಂಡು ಹೇಳಿದರು. ಅಳಿಯ ಮನೆ ತೊಳಿಯ ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ ಎಂದು ಫೋನ್ ಇಟ್ಟರು.

ಮಾವನಿಗೆ ನೇರವಾಗಿ ಹೇಳೋಣವೆಂದರೆ ಅವರು ಫೋನ್ ಮುಟ್ಟುವುದಿಲ್ಲ, ಫೋನಿಗೆ ತುಟಿಯಿಲ್ಲವಲ್ಲ. ಹೇಗೂ ಹಬ್ಬಕ್ಕೆ ಹೋಗಲೇಬೇಕಿತ್ತು. ನಾವಿಬ್ಬರೂ ಬೆಳಗಿನ ಬಸ್ಸಿಗೆ ಭದ್ರಾವತಿಗೆ ಹೊರಟೆವು. ಅಂದೇ ಕೋರ್ಸಿನ ಕೊನೆಯ ದಿನ. ದಾರಿಯುದ್ದಕ್ಕೂ ಶೈಲಜಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಸಿನಿಮಾ ಹೋಗಲಿ, ಈ ಸಲ ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲೇಬೇಕು, ಒಪ್ಪದಿದ್ದರೆ ಸೈಕಲ್ ಮಾರಿಬಿಡುತ್ತೇನೆ ಎಂದಳು. ಸೈಕಲ್ ಮಾರಿದರೆ ಅವರು ಬದುಕುವುದೇ ಇಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಾವು ಹೋದಾಗ ಮಾವ ಆಗಷ್ಟೇ ತಿಂಡಿ ಮುಗಿಸಿ ಬಿಸಿನೀರು ಕುಡಿಯುತ್ತಿದ್ದರು. ಮನೆಯ ಮುಂದೆ ತಗಡಿನ ಶೀಟ್ ಇಳಿಸಿ ಕಟ್ಟಿಕೊಂಡ ಹಜಾರದಲ್ಲಿ ಟೀವಿ. ನನ್ನನ್ನು ಕಂಡು ಬಹಳ ಸಂತೋಷಪಟ್ಟರು. ನೆಗಡಿ ಪೂರ್ತಿ ಹೋಗಿದೆ, ಸಿನಿಮಾ ಬಹಳ ಗುಣ ಮಾಡಿತು ಎಂದರು. ಇಲ್ಲೂ ಮಾತ್ರೆಗೆ ಅದೇ ಗತಿಯಾಯಿತು.

ಆ ಸಿನಿಮಾದ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ನೀವೂ ನೋಡುತ್ತೀರಿ, ಆಮೇಲೆ ನನ್ನ ಅಂಗಡಿಗೆ ಬರುತ್ತೀರಿ. ಕಥೆ ಇಷ್ಟೇ. ಒಂದು ಹಳೆಯ ಹೆಂಚಿನ ಮನೆ, ಮಧ್ಯೆ ಒಂದು ಗೋಡೆ, ಆಚೆ ಅಣ್ಣ, ಈಚೆ ತಮ್ಮ. ಪಾಲಿನ ವ್ಯಾಜ್ಯ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಆದರೆ ಬೆಳಿಗ್ಗೆ ಸಂಜೆ ಗೋಡೆಯ ಕಡೆ ತಿರುಗಿ ನಿಂತು ಒಬ್ಬರಿಗೊಬ್ಬರು ಕೇಳಬಾರದ ಬೈಗುಳ ಬೈಯುತ್ತಾರೆ. ಮಳೆ ಸುರಿಯುತ್ತಲೇ ಇರುತ್ತದೆ. ಗೋಡೆಯ ನೆತ್ತಿಯ ಮೇಲೇ ಮನೆ ಸೋರುತ್ತದೆ. ಹೆಂಚು ಯಾರ ಪಾಲಿನದು ಎಂಬ ಜಗಳದಲ್ಲಿ ಯಾರೂ ಬದಲಾಯಿಸುವುದಿಲ್ಲ. ಕೊನೆಗೆ ಗೋಡೆ ಕುಸಿಯುತ್ತದೆ, ಇಬ್ಬರೂ ಒಂದೇ ಪಾತ್ರೆಯಲ್ಲಿ ನೀರು ಮೊಗೆಯುತ್ತಾರೆ.

ಸಿನಿಮಾ ಹಾಕುವ ಮೊದಲು ಶೈಲಜಾ, ನಾನು ಹೊಸದಾಗಿ ನೋಡುವವಳು, ಕಥೆ ಹೇಳು ಅಪ್ಪ ಎಂದಳು. ಮಾವ ಅವಳೆದುರು ಕುರ್ಚಿ ಎಳೆದುಕೊಂಡು ಕೂತು ಹೇಳಿದರು. ಇಬ್ಬರು ದೈವಭಕ್ತರು. ಅಕ್ಕಪಕ್ಕದ ಮನೆ. ಬಹಳ ಸಾಧುಗಳು, ಒಬ್ಬರ ತಂಟೆಗೆ ಒಬ್ಬರು ಹೋಗುವವರಲ್ಲ. ಬೆಳಿಗ್ಗೆ ಎದ್ದು, ಮತ್ತೆ ಸಂಜೆ, ಗೋಡೆಯ ಕಡೆ ಮುಖ ಮಾಡಿ ಪ್ರಾರ್ಥನೆ ಮಾಡುತ್ತಾರೆ. ಕೈ ಎತ್ತಿ, ಮೈ ನಡುಗಿಸಿಕೊಂಡು, ಅಂಥ ಭಕ್ತಿ ಈ ಕಾಲದಲ್ಲಿ ನೋಡಲು ಸಿಗುವುದಿಲ್ಲ. ಅವರಿಬ್ಬರಲ್ಲಿ ಇರುವ ದೋಷವೆಂದರೆ ಇಬ್ಬರಿಗೂ ರಿಪೇರಿ ಕೆಲಸ ಬಾರದು.

"ಆ ಮಾಡಿಗೆ ಒಂದೇ ಒಂದು ಶೀಟ್ ಹೊಡೆದಿದ್ರೆ ಸಿನಿಮಾನೇ ಇರ್ತಿರ್ಲಿಲ್ಲ ಅಳಿಯಂದ್ರೇ," ಎಂದು ನನ್ನ ಕಡೆ ತಿರುಗಿ ಬೇಸರದಿಂದ ಹೇಳಿದರು.

ನಾನು ಶೈಲಜಾಳ ಮುಖ ನೋಡಲಿಲ್ಲ. ನೋಡಿದ್ದರೆ ನಗುತ್ತಿದ್ದೆನೋ ಅಳುತ್ತಿದ್ದೆನೋ. ಆ ಸಿನಿಮಾದಲ್ಲಿ ಮಾತಾಡುವ ಯಾರೂ ನೋಡುವವರ ಕಡೆ ಮುಖ ಮಾಡುವುದಿಲ್ಲ, ಎಲ್ಲ ಬೆನ್ನೇ. ತುಟಿ ಸಿಗದ ಮಾವ ಇಡೀ ಕಥೆಯನ್ನು ತಾವೇ ಕಟ್ಟಿಕೊಂಡಿದ್ದರು. ನಾನು ಆಯನೂರಿನ ತಾರಸಿಯ ಮೇಲೆ ನಿಂತು ಮೂಗು ಮಾಡಿಕೊಟ್ಟ ಹಾಗೆಯೇ. ಆದರೆ ನಾನು ಕಟ್ಟಿದ್ದಕ್ಕಿಂತ ಅವರದು ಒಳ್ಳೆಯ ಜನರ ಕಥೆಯಾಗಿತ್ತು.

ಸಿನಿಮಾ ಶುರುವಾಯಿತು. ಅತ್ತೆ ಬಂದು ಕೂತರು. ಸೆಲ್ವಮ್ಮ ಚಕ್ಕುಲಿಯ ಡಬ್ಬಿ ಕೊಡಲು ಬಂದು ಸಿಕ್ಕಿಬಿದ್ದರು. ಸ್ವಲ್ಪ ಹೊತ್ತಿಗೆ ಹೊರಗೆ ಕತ್ತಲು ಕವಿಯಿತು. ಮೊದಲು ಶೀಟಿನ ಮೇಲೆ ನಾಲ್ಕು ಹನಿ, ಆಮೇಲೆ ಒಮ್ಮೆಲೇ ಯಾರೋ ಲಾರಿಯಿಂದ ಜಲ್ಲಿ ಸುರಿದ ಹಾಗೆ ಮಳೆ. ತಗಡಿನ ಕೆಳಗೆ ಕೂತು ಸ್ವಾತಿ ಮಳೆ ಕೇಳಿದವರಿಗೆ ಗೊತ್ತು, ಅಲ್ಲಿ ನಮ್ಮ ಯೋಚನೆಯೂ ನಮಗೆ ಕೇಳುವುದಿಲ್ಲ. ಟೀವಿಯಲ್ಲಿ ಅಣ್ಣತಮ್ಮಂದಿರು ಗೋಡೆಯ ಕಡೆ ಕೈ ಬೀಸುತ್ತಿದ್ದರು, ಒಂದು ಶಬ್ದವೂ ಇಲ್ಲ. ಸೆಲ್ವಮ್ಮ ಎರಡೂ ಕಿವಿ ಮುಚ್ಚಿಕೊಂಡರು. ಅತ್ತೆ ಸೆರಗನ್ನು ಕಿವಿಗೆ ಒತ್ತಿಕೊಂಡರು. ಶೈಲಜಾ ನನ್ನ ಕಿವಿಗೆ ಬಾಯಿಟ್ಟು ಏನೋ ಕೂಗಿದಳು, ನನಗೆ ತಿಳಿಯಲಿಲ್ಲ. ಮಾವ ಮಾತ್ರ ಕಾಲು ಮೇಲೆ ಕಾಲು ಹಾಕಿ, ತಲೆದೂಗುತ್ತಾ, ಸುಖವಾಗಿ ಸಿನಿಮಾ ನೋಡುತ್ತಿದ್ದರು.

ಪರದೆಯ ಮೇಲೆ ಕೊನೆಯ ಮಳೆ ಬಂತು. ಗೋಡೆ ಕುಸಿಯಿತು. ಮಾವ ಟೀವಿಯಿಂದ ಕಣ್ಣು ತೆಗೆಯದೆ ನನ್ನ ತೋಳು ಮುಟ್ಟಿ, ಅಷ್ಟು ಸದ್ದಿನಲ್ಲೂ ಕೇಳುವಂಥ ಮಿಲ್ಲಿನ ದನಿಯಲ್ಲಿ ಹೇಳಿದರು.

"ಎಲ್ಲಾ ಚೆನ್ನಾಗಿ ತೆಗ್ದಿದ್ದಾರೆ. ಒಂದೇ ತಪ್ಪು. ಇಷ್ಟು ಮಳೆ ತೋರ್ಸಿದ್ದಾರೆ, ಮಳೆಗೆ ಸದ್ದೇ ಇಟ್ಟಿಲ್ಲ ನೋಡಿ."

ಉತ್ತರಕ್ಕಾಗಿ ಅವರು ನನ್ನ ತುಟಿ ನೋಡಲು ತಿರುಗಿದರು. ಆಗ ಅವರಿಗೆ ನಾವೆಲ್ಲ ಕಂಡೆವು. ಕಿವಿ ಮುಚ್ಚಿಕೊಂಡ ಸೆಲ್ವಮ್ಮ, ಸೆರಗು ಒತ್ತಿಕೊಂಡ ಅತ್ತೆ, ನನ್ನ ಕಿವಿಗೆ ಬಾಯಿಟ್ಟು ಕೂಗುತ್ತಿದ್ದ ಮಗಳು. ಒಬ್ಬೊಬ್ಬರನ್ನೇ ನೋಡಿದರು. ಅಂಗಳದಲ್ಲಿ ಕುಣಿಯುತ್ತಿದ್ದ ನೀರು ನೋಡಿದರು. ಮೆಲ್ಲಗೆ ಎದ್ದು ನಿಂತು, ಕೈ ಎತ್ತಿ, ತಲೆಯ ಮೇಲಿನ ತಗಡಿಗೆ ಅಂಗೈ ಇಟ್ಟರು. ಓಡುವ ಮಿಲ್ಲಿನ ಮೈ ಮುಟ್ಟಿ ನೋಡುತ್ತಿದ್ದ ಹಾಗೆಯೇ ಇಟ್ಟಿರಬೇಕು. ಅದು ಅದುರುತ್ತಿತ್ತು.

ಅಂಗೈಯನ್ನು ಹಾಗೇ ಇಟ್ಟುಕೊಂಡು ಅತ್ತೆಯ ಕಡೆ ನೋಡಿದರು.

"ಜೋರಾ?" ಎಂದರು.

ಅತ್ತೆ ಸೆರಗು ಬಿಟ್ಟರು. ಎರಡು ಮುಷ್ಟಿ ಕಟ್ಟಿ, ಒಂದರ ಸುತ್ತ ಒಂದನ್ನು ಉರುಳಿಸಿದರು. ಮಿಲ್ ಪೂರ್ತಿ ಜೋರಿನಲ್ಲಿ ಓಡುತ್ತಿದೆ. ಉರುಳಿಸುತ್ತಲೇ ಇದ್ದರು, ಅವರ ಕಣ್ಣಿನಲ್ಲಿ ನೀರಿತ್ತು. ಮಾವ ಕೂತರು. ಯಾರು ಏನು ಹೇಳಿದ್ದರೂ ಆ ಮಳೆಯಲ್ಲಿ ಯಾರಿಗೂ ಕೇಳುತ್ತಿರಲಿಲ್ಲ, ಅದೊಂದು ಉಪಕಾರವಾಯಿತು.

ಮಳೆ ನಿಂತ ಮೇಲೆ ಮಾವ ಒಳಗೆ ಹೋಗಿ ಆ ಸಿನಿಮಾದ ಕವರನ್ನೇ ತಂದು ನನ್ನ ಮುಂದೆ ಹಿಡಿದರು. ಅದರ ಹಿಂಬದಿ ಖಾಲಿಯಿತ್ತು. ಆ ಕಿವಿ ಮೆಷಿನ್ ಯಾವಾಗ ಯಾವಾಗ ಹಾಕಿಕೊಳ್ಳಬೇಕೋ ಬರೆದುಕೊಡಿ, ಸುಮ್ಮನೆ ಬಾಯಲ್ಲಿ ಹೇಳಿದರೆ ನನಗೆ ಆಗುವುದಿಲ್ಲ ಎಂದರು. ಶೈಲಜಾ ಪೆನ್ನು ತರಲು ಓಡಿದಳು. ನಾನು ಮೂರು ಚೌಕ ಎಳೆದು ಮೂರಕ್ಕೂ ಗುರುತು ಹಾಕಿದೆ. ಎಷ್ಟು ದಿನ ಎಂಬಲ್ಲಿ ಏನೂ ಬರೆಯದೆ ಕೊಟ್ಟೆ. ಅವರು ಅದನ್ನು ಗಮನಿಸಿದರು, ಕವರನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಹಬ್ಬ ಕಳೆದ ಮೇಲೆ ಶಿವಮೊಗ್ಗದ ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸಿ ಮೆಷಿನ್ ಹಾಕಿಸಿದೆವು. ಎಲ್ಲ ಸುಖವಾಯಿತು ಎಂದು ನೀವು ತಿಳಿದರೆ ನಮ್ಮ ಮಾವನನ್ನು ನೀವು ತಿಳಿದಿಲ್ಲ. ಮನೆಗೆ ಹೋದವರೇ ಮೆಷಿನ್ ಹಾಕಿಕೊಂಡು ಅದೇ ಸಿನಿಮಾ ಹಾಕಿದ್ದಾರೆ. ಸಾಧುಗಳಿಬ್ಬರೂ ಗೋಡೆಯ ಕಡೆ ತಿರುಗಿ ಬಾಯಿ ತೆರೆದದ್ದೇ ಮಾವ ಗಾಬರಿಯಾಗಿ ಟೀವಿಯ ತಂತಿಯನ್ನೇ ಕಿತ್ತರಂತೆ. ಅಂಥ ಮಾತು ಮಿಲ್ಲಿನಲ್ಲೂ ಕೇಳಿರಲಿಲ್ಲವಂತೆ. ಅತ್ತೆಯ ಕೈಯಲ್ಲಿ ಫೋನ್ ಮಾಡಿಸಿ, ಮೊದಲು ಕೊಟ್ಟ ಸಿನಿಮಾ ಚೆನ್ನಾಗಿತ್ತು, ಇದು ಬೇರೆ ಕಂಪೆನಿಯದು, ಮೊದಲಿನದನ್ನೇ ಕೊಡಿ ಎಂದರು. ಸೀಲ್ ಒಡೆದಿದೆ ಎಂದೆ. ಈಗ ಒಂದು ರಾಜಿಯಾಗಿದೆ. ಸೈಕಲ್ ಹತ್ತುವಾಗ, ಸೇತುವೆ ದಾಟುವಾಗ, ಅತ್ತೆ ಕರೆಯುವಾಗ ಮೆಷಿನ್ ಕಿವಿಯಲ್ಲಿರುತ್ತದೆ. ಸಿನಿಮಾ ನೋಡುವಾಗ ತೆಗೆದಿಡುತ್ತಾರೆ. ಜಗತ್ತಿನ ಸಿನಿಮಾಗಳಲ್ಲೆಲ್ಲ ಜನ ಸಾಧುಗಳಾಗಿಯೇ ಉಳಿದಿದ್ದಾರೆ.

ಮೊನ್ನೆ ಮಧ್ಯಾಹ್ನ ಅಂಗಡಿಯಲ್ಲಿದ್ದೆ. ಆಲ್ಕೊಳದಲ್ಲಿ ಚುರುಕು ಬಿಸಿಲು, ಮಳೆ ಅತ್ತಲಾಗಿ ಹೋಗಿತ್ತು. ಸಿನಿಮಾ ಕೇಳುವವರಿಲ್ಲದೆ ಬರೀ ಔಷಧಿ ಮಾರುತ್ತಿದ್ದೆ. ಮಾವನ ಮನೆಯಿಂದ ಫೋನ್ ಬಂತು. ಎತ್ತಿದರೆ ಅತ್ತೆಯಲ್ಲ, ಮಾವ. ಜೀವಮಾನದಲ್ಲಿ ಮೊದಲ ಸಲ ಅವರೇ ನನಗೆ ಫೋನ್ ಮಾಡಿದ್ದರು. ನಾನು ಹಲೋ ಎನ್ನುವಷ್ಟರಲ್ಲಿ ಅವರು ಫೋನನ್ನು ಎಲ್ಲಿಗೋ ಎತ್ತಿ ಹಿಡಿದರು. ಮೊದಲು ಏನೋ ಕೆಟ್ಟಿದೆ ಎಂದುಕೊಂಡೆ. ಆಮೇಲೆ ತಿಳಿಯಿತು. ಕೈ ಎತ್ತಿ ಶೀಟಿಗೆ ಹಿಡಿದಿದ್ದರು. ಭದ್ರಾವತಿಯ ಮಳೆಯೆಲ್ಲ ನನ್ನ ಕಿವಿಯೊಳಗೆ ಬೀಳುತ್ತಿತ್ತು.

ಎದುರಿಗೆ ಒಬ್ಬರು ಕೆಮ್ಮಿನ ಔಷಧಿಯ ಚೀಟಿ ಹಿಡಿದು ನಿಂತಿದ್ದರು. ಸ್ವಲ್ಪ ಇರಿ ಎಂದು ನಾನು ಅಂಗೈ ಅಡ್ಡ ಹಿಡಿದೆ. ಅವರು ನನಗೆ ಕೈಮುಗಿದರು.

ಬಹಳ ಹೊತ್ತಿನ ಮೇಲೆ ಮಾವನ ದನಿ ಬಂತು.

"ಅಳಿಯಂದ್ರೇ, ಕೇಳ್ತಾ ಇದೆಯಾ?"